ನಿಮ್ಮ ಮಗನಿಗೆ ಎಳನೀರು ಕೊಡದ ಸೊಸೆ

ಅತ್ತೆಯವರೇ, ನೀವಿರುವ ಕಡೆಗೆ ನಿಮ್ಮ ಸೊಸೆ ಗೌರಮ್ಮನ ನಮಸ್ಕಾರ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಬೇಳೆ ಸೊಪ್ಪು ಬೇಯಿಸಿ ಬಸಿದ ಕಟ್ಟನ್ನು ಒಮ್ಮೆ ಗೊತ್ತಿಲ್ಲದೆ ಬಚ್ಚಲಿಗೆ ಸುರಿದಿದ್ದೆ. “ಬಸ್ಸಾರಿನ ಕಟ್ಟು ಚೆಲ್ಲಿದ ಕೈಗೆ ಬರೆ ಹಾಕ್ತೀನಿ ಕಣೇ!” ಎಂದು ಸೌಟು ಹಿಡಿದು ಬಂದಿರಿ. ಅತ್ತೆ, ಏಳು ವರ್ಷದಿಂದ ದಿನಾ ಚೆಲ್ಲುತ್ತಿದ್ದೇನೆ. ಬೈಯುವ ಮುಂಚೆ ಪೂರ್ತಿ ಓದಿ.

ಎಮರ್ಜೆನ್ಸಿ ಮುಗಿದ ವರ್ಷ ನೀವು ಹಾಸಿಗೆ ಹಿಡಿದದ್ದು ನಿನ್ನೆಯಂತಿದೆ. ಸಕ್ಕರೆ ಕಾಯಿಲೆ ಕಿಡ್ನಿಗೆ ತಟ್ಟಿ ಕಾಲು ಊದಿತ್ತು, ಮೂತ್ರ ಕಮ್ಮಿಯಾಗಿತ್ತು. ಎಳನೀರು ಕುಡಿಸು, ಒಳಗಿನ ಉಷ್ಣ ಇಳಿಯುತ್ತದೆ ಎಂದು ಊರೆಲ್ಲ ಹೇಳಿತು. ನಮ್ಮ ಸೀಮೆಯಲ್ಲಿ ಕಾಯಿಲೆಯವರಿಗೆ ಇನ್ನೇನು ಕೊಡುತ್ತಾರೆ? ದಿನಾ ಎರಡು ಕಾಯಿ ಕೆತ್ತಿ, ಸೋಸಿ, ನನ್ನ ಕೈಯಾರೆ ಕುಡಿಸಿದೆ. “ಅಮೃತ ಕಣೇ ಗೌರಿ” ಅಂದಿರಿ. ಅದಾದ ಮೂರನೇ ದಿನ…

ನಾಲ್ಕು ವರ್ಷದ ಮೇಲೆ ಅದೇ ಊತ ನಿಮ್ಮ ಮಗನ ಕಾಲಲ್ಲಿ ಕಂಡಿತು. ಸಕ್ಕರೆ ಕಾಯಿಲೆ ಅವರಿಗೂ ಬಂದಿತ್ತಲ್ಲ. ನಾನು ಮತ್ತೆ ಎಳನೀರು ಶುರು ಮಾಡಿದ್ದೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, “ಯಾವ ಕಡೆಯವರಮ್ಮಾ?”

“ತುರುವೇಕೆರೆ ಪಕ್ಕ, ಸ್ವಾಮಿ.”

“ಹಾಗಾದ್ರೆ ಎಳನೀರು ಕುಡಿಸಿರ್ತೀರಿ.”

“ದಿನಾ ಎರಡು.”

ಅವರು ಪೆನ್ನು ಕೆಳಗಿಟ್ಟರು. ಎಳನೀರಿನಲ್ಲಿ ಪೊಟ್ಯಾಸಿಯಂ ಅಂತ ಒಂದು ಲವಣ ಇದೆಯಂತೆ. ಗಟ್ಟಿ ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಸೋತ ಕಿಡ್ನಿಗೆ ಆಗುವುದಿಲ್ಲ, ರಕ್ತದಲ್ಲೇ ಏರಿ ಎದೆಬಡಿತ ನಿಲ್ಲಿಸಿಬಿಡಬಹುದು. ಬೇಳೆ, ಸೊಪ್ಪಿನಲ್ಲೂ ಅದೇ ಲವಣ. “ಬೇಯಿಸಿದ ನೀರನ್ನ ಬಸಿದು ಚೆಲ್ಲಿಬಿಡಿ” ಅಂದರು. ಕಟ್ಟು ಚೆಲ್ಲುವುದೇ! ನನಗೆ ನಿಮ್ಮ ಸೌಟು ಕಣ್ಣಮುಂದೆ ಬಂತು. ನಿಮ್ಮ ವಿಷಯವನ್ನೂ ಕೇಳಿದೆ. ಆಗಲೇ ಕಿಡ್ನಿ ಕೈಬಿಟ್ಟಿತ್ತೇನೋ, ಎಳನೀರೊಂದನ್ನೇ ದೂರಬೇಡಿ ಎಂದರು. ಸಮಾಧಾನಕ್ಕೆ ಹೇಳಿದರೋ, ನಿಜವೋ? ನೀವೇ ಹೇಳಬೇಕು.

ಆ ಸಲ ಗೌರಿ ಹಬ್ಬಕ್ಕೆ ಬಂದ ನಿಮ್ಮ ಮಗಳು ಪಡಸಾಲೆಯಲ್ಲೇ ಎಗರಿದಳು. “ಏನತ್ಗೆ, ತ್ವಾಟದ್ ತುಂಬಾ ಕಾಯಿ ಇಟ್ಕಂಡು ನಮ್ಮಣ್ಣಂಗೆ ಒಂದ್ ಎಳ್ನೀರ್ ಕೊಡಾಕೆ ಕೈ ಬರಲ್ವಾ ನಿಂಗೆ?” ನಿಮ್ಮ ಮಗ ನಕ್ಕರು. “ಬುಡವ್ವ, ನಿಮ್ಮತ್ಗೆ ಯಮನ್ ಜತೆ ಜಗಳ ಆಡ್ತಾವ್ಳೆ, ಮಧ್ಯ ಬರಬ್ಯಾಡ.” ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಕೊಟ್ಟು ಕೊಂದವಳು ಅನ್ನಿಸಿಕೊಳ್ಳುವುದಕ್ಕಿಂತ ಕೊಡದ ಪಾಪಿ ಅನ್ನಿಸಿಕೊಳ್ಳುವುದೇ ವಾಸಿ ಅಲ್ಲವೇ?

ಕಷ್ಟವಾದದ್ದು ದೇವರ ಮುಂದೆ. ಸೋಮವಾರ ಪೂಜಾರಿ ಕಾಯಿ ಒಡೆದು ಅದರ ನೀರನ್ನೇ ತೀರ್ಥ ಅಂತ ಕೊಡುವಾಗ ಬೇಡ ಎನ್ನುವುದು ಹೇಗೆ? ಕಣ್ಣು ಮುಚ್ಚಿ ಹೇಳಿದೆ, “ಸ್ವಾಮಿ, ಅವರ ಪಾಲಿನದನ್ನೂ ನಾನೇ ಕುಡೀತೀನಿ. ಅವರ ಆಯಸ್ಸು ಮಾತ್ರ ಅವರಿಗೇ ಕೊಡು.” ಅಂದಿನಿಂದ ಅವರು ತೀರ್ಥ ಕಣ್ಣಿಗೊತ್ತಿಕೊಳ್ಳುತ್ತಾರೆ, ನಾನು ಎರಡು ಸಲ ಕೈಯೊಡ್ಡುತ್ತೇನೆ. ಪೂಜಾರಿ ಈಗ ಕೇಳದೆಯೇ ಎರಡು ಸಲ ಹಾಕುತ್ತಾನೆ.

ಸಪ್ಪೆ ಊಟ, ಬಸಿದ ಸೊಪ್ಪು, ಸಕ್ಕರೆಗೆ ಸೂಜಿ, ತಿಂಗಳಿಗೊಮ್ಮೆ ಬಸ್ಸು ಹತ್ತಿ ರಕ್ತದ ಪರೀಕ್ಷೆ. ಒಂದು ವರ್ಷ ಕಂಡರೆ ಹೆಚ್ಚು ಎಂದು ನೆಂಟರು ಪಿಸುಗುಟ್ಟಿದ್ದರು. ಏಳಾಯಿತು ಅತ್ತೆ! ಹೋದ ಸಲ ಡಾಕ್ಟರು ಕಾಗದ ನೋಡಿ, “ಔಷಧಿ ನಂದು ಅರ್ಧ, ಅಡುಗೆ ನಿಮ್ದು ಅರ್ಧ” ಎಂದರು. ತಿಪಟೂರು ಕಡೆಯಿಂದ ಬಂದ ಹೆಂಗಸರಿಗೆ ಬಸಿಯುವುದು ಹೇಗೆಂದು ನನ್ನಿಂದಲೇ ಹೇಳಿಸಿದರು.

ಮೊನ್ನೆ ಮನೆದೇವರ ಬೆಟ್ಟಕ್ಕೆ ಹೋಗಿದ್ದೆವು. ಅವರನ್ನು ಹತ್ತಿಸುವುದು ಹೇಗೆಂದು ಹೆದರಿ ಒಂದೊಂದು ಮೆಟ್ಟಿಲಿಗೂ ಕೈ ಮುಗಿಯುತ್ತ ಹೊರಟೆ. ಅರ್ಧಕ್ಕೇ ನನಗೆ ಏದುಸಿರು, ಕಲ್ಲಿನ ಮೇಲೆ ಕುಕ್ಕರಿಸಿದೆ. ಸುತ್ತ ನೋಡಿದರೆ ಅವರಿಲ್ಲ. ದಡಬಡಿಸಿ ಎದ್ದೆ. ಅಷ್ಟರಲ್ಲಿ ಗುಡಿಯ ಬಾಗಿಲಿನಿಂದ, ಬೆಟ್ಟವೆಲ್ಲ ಕೇಳುವಂತೆ ನಿಮ್ಮ ಮಗನ ಕೂಗು:

“ಬಾರೇ ಮ್ಯಾಕೆ! ಮುದುಕಿ ಆಗ್ಬುಟ್ಯೇನೇ?”