ಜನರಿಲ್ಲದ ಹೊಲ

ಹಿರೇನಲ್ಲೂರು
18 ಆಗಸ್ಟ್ 2025, ಸೋಮವಾರ

ಮಗಳೇ ಶಾಂಭವಿ,

ಮಲ್ಲಿಕಾರ್ಜುನಸ್ವಾಮಿ ನಿನ್ನನ್ನು ಚೆನ್ನಾಗಿಟ್ಟಿರಲಿ. ಕೋಪದಲ್ಲಿ ಬರೆಯುತ್ತಿದ್ದೇನೆ, ಆದರೂ ಬೆಳಿಗ್ಗೆ ಪೂಜೆಗೆ ಕೂತಾಗ ಮೊದಲು ಕೇಳಿಕೊಂಡದ್ದು ಅದನ್ನೇ. ನಿನ್ನ ಕೆಮ್ಮು ಹೋಯಿತಾ? ಶಿವಮೊಗ್ಗದ ಮಳೆಯಲ್ಲಿ ಒದ್ದೆ ಜಡೆ ಹೆಣೆದುಕೊಂಡು ಕಾಲೇಜಿಗೆ ಓಡಬೇಡ. ಹಾಸ್ಟೆಲಿನ ಸಾರು ಸೇರದಿದ್ದರೂ ಊಟ ಬಿಡಬೇಡ. ಇಲ್ಲಿ ನಿಮ್ಮ ಅಪ್ಪಾಜಿಯ ಮಂಡಿನೋವು ಇದ್ದಂತೆಯೇ ಇದೆ. ನನಗೆ ಏನೂ ಆಗಿಲ್ಲ, ನಾಲ್ಕು ದಿನದಿಂದ ಅನ್ನ ಸೇರುತ್ತಿಲ್ಲ ಅಷ್ಟೇ. ಫೋನು ಮಾಡಬಹುದಿತ್ತು. ಮಾಡಿದರೆ ನೀನು ‘ಆಮೇಲೆ ಮಾತಾಡ್ತೀನಮ್ಮ, ಕ್ಲಾಸಲ್ಲಿದೀನಿ’ ಅಂತ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಅರ್ಧಕ್ಕೆ ಇಡುವುದಕ್ಕಾಗುವುದಿಲ್ಲ. ಇವತ್ತು ಎತ್ತಿಗೂ ಬಿಡುವು, ನನಗೂ ಬಿಡುವು. ಕೂತು ಬರೆಯುತ್ತೇನೆ, ಕೂತು ಓದು.

ಗುರುವಾರ ನಿನ್ನ ಕಾಲೇಜಿನ ಸರ್ವೆ ವರದಿ ಅಂಚೆಯಲ್ಲಿ ಬಂತು. ಹೊದಿಕೆಯ ಮೇಲೆ ನಿನ್ನ ಹೆಸರು ಅಚ್ಚಾಗಿರುವುದನ್ನು ಅಪ್ಪಾಜಿ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ನಾನು ಕೈ ತೊಳೆದುಕೊಂಡು ಅದನ್ನು ದೇವರ ಮುಂದಿಟ್ಟು, ವಿಭೂತಿ ಹಚ್ಚಿ ಹೂವಿಟ್ಟೆ. ಏಳನೇ ಕ್ಲಾಸಿಗೆ ಬಿಟ್ಟವಳ ಮಗಳು ಪುಸ್ತಕ ಬರೆದಿದ್ದಾಳೆ ಅಂತ. ಕೈ ಮುಗಿದು ಕಣ್ಣು ಬಿಡುವಷ್ಟರಲ್ಲಿ ಅವರು ಇನ್ನೊಂದು ಕಾಗದ ಹಿಡಿದು ನಿಂತಿದ್ದರು. ‘ಶಾಂಭವಿ ಬರ್ದಿರೋದ್ರ ಮ್ಯಾಲೇ ಮಾಡಿರೋದು ಕಣೇ, ಇಲ್ಲೊಂದು ರುಜು ಹಾಕು’ ಅಂದರು. ಬೆರಳಲ್ಲಿ ವಿಭೂತಿ ಇತ್ತು. ಹಾಗೇ ಹಾಕಿದೆ. ನೀನು ಬರೆದದ್ದಕ್ಕೆ ಸೇರಿದ್ದು ಅಂದಮೇಲೆ ಓದುವುದೇನು ಅನ್ನಿಸಿತು.

ಆ ಕಾಗದ ರವಿಕುಮಾರನದು. ಕೆರೆ ಏರಿಯ ಆಚೆ ಡೇರೆ ಹಾಕಿ, ಬೆಂಗಳೂರು ದಾವಣಗೆರೆಯವರನ್ನು ಶನಿವಾರ ಭಾನುವಾರ ತಂದು ಇಳಿಸುತ್ತಾನಲ್ಲ, ಅವನೇ. ಅವನ ಕಡೆಯವರು ಬೆಳಿಗ್ಗೆ ಸಂಜೆ ನಮ್ಮ ಬದುವಿನ ಮೇಲೆ ತಿರುಗಾಡುವುದಕ್ಕೆ ಒಪ್ಪಿಗೆ, ಅದಕ್ಕೆ ಬಾಡಿಗೆ. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ನಡೆದಾಡಲಿ, ಗಾಳಿ ಕುಡಿಯಲಿ, ಯಾರು ಬೇಡ ಅಂದರು? ರುಜು ಹಾಕಿದ ಮೇಲೆ ಓದಿ ನೋಡಿದರೆ ಕೆಳಗೆ ಇನ್ನೊಂದು ಸಾಲಿದೆ. ಶನಿವಾರ ಭಾನುವಾರ ಹೊಲದಲ್ಲಿ ಯಾರೂ ಕೆಲಸ ಮಾಡಕೂಡದು, ತಿಪ್ಪೆಯನ್ನು ಕಣ್ಣಿಗೆ ಬೀಳದ ಕಡೆ ಹಾಕಬೇಕು. ಸಂಜೆ ಅವನು ಮನೆಗೆ ಬಂದಾಗ ಇದೇನು ಅಂತ ಕೇಳಿದೆ. ನಗುನಗುತ್ತಾ, ‘ನಾನ್ ಹೇಳಿದ್ದಲ್ಲಮ್ಮ, ನಿಮ್ ಮಗಳೇ ಸರ್ವೆ ಮಾಡಿ ಬರ್ದವ್ರೆ, ನಂಗೂ ಮೊದ್ಲೇ ಒಂದ್ ಪ್ರತಿ ಬಂದಿತ್ತು. ಬರೋರ್ಗೆ ಹೊಲ ಖಾಲಿ ಇದ್ರೇ ಇಷ್ಟವಂತೆ’ ಅಂದ. ‘ಹಂಗಾರೆ ನನ್ ಹೊಲಕ್ಕೆ ನಾನೇ ನೆಂಟ್ಳೇನಪ್ಪಾ? ನಿನ್ ಕೇಳಿ ಬರ್ಬೇಕಾ?’ ಅಂದೆ. ಅಪ್ಪಾಜಿ ಅವನ ಎದುರಿಗೇ ನನಗೆ ಬಾಯಿ ಮುಚ್ಚು ಅಂದರು. ಮದುವೆಯಾದ ಮೇಲೆ ಹೊರಗಿನವರ ಮುಂದೆ ಅಂದದ್ದು ಅದೇ ಮೊದಲು.

ಅವನು ಹೋದ ಮೇಲೆ ದೇವರ ಮುಂದಿನಿಂದ ನಿನ್ನ ವರದಿ ತೆಗೆದು ಬಿಡಿಸಿದೆ. ಜುಲೈ ಮೊದಲ ವಾರ ನೀನು ಬಂದು ಈರುಳ್ಳಿ ಹೊಲದ ಫೋಟೊ ತೆಗೆದೆಯಲ್ಲ, ‘ನಗಬೇಡಮ್ಮ, ಕೆಲ್ಸ ಮಾಡ್ತಾ ಇರು’ ಅಂತ. ನಾನು, ಪಕ್ಕದ ಮನೆಯ ಕಾಶಮ್ಮ, ಇನ್ನು ಮೂವರು ಸಾಲು ಹಿಡಿದು ಕಳೆ ಕೀಳುತ್ತಿದ್ದೇವೆ. ಅದು ಒಂದು. ಪಕ್ಕದಲ್ಲೇ ಇನ್ನೊಂದು. ಅದೇ ಬೇವಿನ ಮರ, ಅದೇ ಮೋಡ, ಅದೇ ಸಾಲು. ನಾವು ಐವರೂ ಇಲ್ಲ. ತಿಪ್ಪೆ ಇಲ್ಲ. ಗೂಟಕ್ಕೆ ಕಟ್ಟಿದ್ದ ಎಮ್ಮೆ ಇಲ್ಲ. ನಾನು ಕುಕ್ಕರುಗಾಲಲ್ಲಿ ಕೂತಿದ್ದ ಜಾಗದಲ್ಲಿ ಹಸಿರಾಗಿ ಈರುಳ್ಳಿ ಬೆಳೆದಿದೆ. ಡೇರೆಗೆ ಬಂದ ನೂರಾ ಇಪ್ಪತ್ತು ಜನಕ್ಕೆ ಎರಡನ್ನೂ ತೋರಿಸಿದರೆ ತೊಂಬತ್ತೊಂದು ಜನ ಎರಡನೆಯದೇ ಚಂದ ಅಂದರಂತೆ. ಅಡಿಯಲ್ಲಿ ನೀನು ಬರೆದಿದ್ದೀಯ: ‘ದುಡಿಯುವ ಜನ, ತಿಪ್ಪೆ ಮತ್ತು ಕಟ್ಟಿದ ದನಗಳು ದೃಶ್ಯದ ಪ್ರಶಾಂತತೆಗೆ ಅಡ್ಡಿ ಎಂದು ಸಂದರ್ಶಕರು ಭಾವಿಸುತ್ತಾರೆ.’ ನಾನು, ತಿಪ್ಪೆ, ಎಮ್ಮೆ. ಮೂವರೂ ಒಂದೇ ಸಾಲಿನಲ್ಲಿ.

ಆ ಸಾಲುಗಳ ನಡುವೆ ಒಂದು ಹುಲ್ಲುಕಡ್ಡಿ ಇಲ್ಲವಲ್ಲ, ಅದನ್ನು ಯಾರು ಕಿತ್ತರು ಅಂತ ತೊಂಬತ್ತೊಂದು ಜನರಲ್ಲಿ ಒಬ್ಬರಾದರೂ ಕೇಳಿದರಾ? ನೀನಾದರೂ ಹೇಳಿದೆಯಾ? ಸೋಮವಾರ ಬಸವಣ್ಣನಿಗೆ ಬಿಟ್ಟ ದಿನ, ನಿಮ್ಮ ಅಜ್ಜಿಯ ಕಾಲದಿಂದ ಈ ಮನೆಯವರು ಅವತ್ತು ಹೊಲದ ಕೆಲಸ ಮುಟ್ಟುವುದಿಲ್ಲ. ಶನಿವಾರ ಭಾನುವಾರ ಇವರಿಗೆ ಬಿಟ್ಟರೆ ಉಳಿಯುವುದು ನಾಲ್ಕು ದಿನ. ಅದರಲ್ಲಿ ಎರಡು ಮಳೆಗೆ ಹೋದರೆ ಈರುಳ್ಳಿ ಎಲ್ಲಿ ಅಂತ ಕಳೆಯೊಳಗೆ ಹುಡುಕಬೇಕು. ಬಸವಣ್ಣನಿಗೆ ನಾನೇ ಮನಸಾರೆ ಬಿಟ್ಟೆ. ಇವರು ಯಾವ ದೇವರು?

ನನ್ನ ಮೇಲೂ ನನಗೆ ಸಿಟ್ಟಿದೆ. ಹೋದ ತಿಂಗಳು ಒಬ್ಬಾಕೆ ಬದುವಿನ ಮೇಲೆ ನಿಂತು, ‘ಆಂಟಿ, ಸ್ವಲ್ಪ ಆ ಕಡೆ ಹೋಗ್ತೀರಾ? ಫೋಟೋದಲ್ಲಿ ಬರ್ತಿದೀರಾ’ ಅಂದಳು. ನಾನು ಎದ್ದು, ಸೆರಗು ಕೊಡವಿಕೊಂಡು, ಸರಿದುಬಿಟ್ಟೆ! ದೊಡ್ಡ ಮರ್ಯಾದಸ್ಥೆ. ಆಕೆ ಊರಿಗೆ ಹೊಸಬಳು, ಹೋಗಲಿ. ನೀನು ಅದೇ ಬೇವಿನ ಮರಕ್ಕೆ ಕಟ್ಟಿದ ಜೋಲಿಯಲ್ಲಿ ಮಲಗಿ ಬೆಳೆದವಳು.

ನಿನ್ನೆ ಕಾಶಮ್ಮನಿಗೆ ಎರಡೂ ಫೋಟೊ ತೋರಿಸಿ, ನೀನು ಕೇಳಿದ ಹಾಗೆಯೇ ಯಾವುದು ಇಷ್ಟ ಅಂತ ಕೇಳಿದೆ. ಖಾಲಿ ಹೊಲವನ್ನು ಬಹಳ ಹೊತ್ತು ನೋಡಿ, ‘ಇದ್ಯಾವೂರೇ ವಿಮಲಕ್ಕಾ? ಕಳೆ ಎಲ್ಲ ಕಿತ್ತವ್ರೆ, ಒಬ್ರೂ ಇಲ್ವಲ್ಲ. ಎಲ್ರೂ ಯಾರ್ದಾದ್ರೂ ಮಣ್ಣಿಗೆ ಹೋಗವ್ರಾ?’ ಅಂದಳು. ನಮ್ಮದೇ ಹೊಲ ಕಣೇ ಅಂದೆ. ಮೊದಲು ನಕ್ಕಳು. ಆಮೇಲೆ ಬೆರಳಲ್ಲಿ ತಾನಿದ್ದ ಜಾಗ ಸವರಿ ಸವರಿ ನೋಡಿದಳು.

ಹೊಲದ ಖಾತೆ ಜಂಟಿ, ಇಬ್ಬರ ರುಜುವೂ ಬಿದ್ದಾಗಿದೆ. ಕಾಗದ ಇನ್ನೂ ಅಪ್ಪಾಜಿಯ ಬೀರುವಿನಲ್ಲಿದೆ, ಈ ಶನಿವಾರ ರವಿಕುಮಾರ ಬಾಡಿಗೆಯ ಮುಂಗಡ ತಂದುಕೊಟ್ಟು ತೆಗೆದುಕೊಂಡು ಹೋಗುತ್ತಾನೆ. ಹರಿದು ಹಾಕಿ ಅಂದರೆ, ‘ಓದಿದೋಳು ಬರ್ದವ್ಳೆ, ನಿಂಗೇನ್ ಗೊತ್ತು’ ಅನ್ನುತ್ತಾರೆ. ಅವರಿಗೆ ಬಾಡಿಗೆಯ ಆಸೆಗಿಂತ ಅಚ್ಚಾದ ನಿನ್ನ ಹೆಸರಿನ ಹುಚ್ಚೇ ಹೆಚ್ಚು. ಅದಕ್ಕೆ ನನ್ನ ಮಾತು ನಡೆಯುವುದಿಲ್ಲ, ನಿನ್ನದೇ ನಡೆಯಬೇಕು. ‘ಯಾರಿಗೆ ಏನು ಇಷ್ಟ ಅಂತ ಕೇಳಿದ್ದೇನೆಯೇ ಹೊರತು ಹೊಲ ಖಾಲಿ ಮಾಡಿ ಅಂತ ನಾನು ಹೇಳಿಲ್ಲ’ ಅಂತ ಅವರಿಗೆ ಈ ಕಾಗದ ಕೈಸೇರಿದ ದಿನವೇ ತಿಳಿಸು. ವರದಿಯಲ್ಲೂ ಒಂದು ಸಾಲು ಸೇರಿಸು, ಹೊಲದಲ್ಲಿದ್ದ ಐವರನ್ನು ಕೇಳಲಿಲ್ಲ ಅಂತ. ನೀನು ಹೇಳಿದರೂ ಹೇಳದಿದ್ದರೂ ಶನಿವಾರ ನಾವು ಐವರೂ ಕಳೆಗೆ ಇಳಿಯುತ್ತೇವೆ. ಯಾರು ಬಂದು ಸರಿಯಿರಿ ಅಂದರೂ ಈ ಸಲ ಸರಿಯುವುದಿಲ್ಲ.

ಸ್ವಾಮಿ ನಿನಗೆ ವಿದ್ಯೆ ಕೊಟ್ಟಿದ್ದಾನೆ, ಅದರ ಜೊತೆಗೆ ಕಣ್ಣೂ ಕೊಡಲಿ ಅಂತ ಹರಸುತ್ತೇನೆ. ತಲೆಗೆ ಎಣ್ಣೆ ಹಚ್ಚಿಕೋ.

ನಿನ್ನ ಅಮ್ಮ,
ವಿಮಲಮ್ಮ

ಅಂಟಿಸುವ ಮುಂಚೆ: ಕಾಶಮ್ಮ ಕಡೂರಿನ ಅಂಚೆಗೆ ಹಾಕುತ್ತೇನೆ ಅಂತ ಬಾಗಿಲಲ್ಲಿ ನಿಂತಿದ್ದಾಳೆ, ಬಸ್ಸಿಗೆ ಹೊತ್ತಾಯಿತು. ಇಷ್ಟು ಬರೆದರೂ ಕೇಳಬೇಕಾದ್ದು ಕೇಳುವುದಕ್ಕೆ ಕೈ ಬರಲಿಲ್ಲ. ಆ ಫೋಟೊದಿಂದ ನನ್ನನ್ನು ಅಳಿಸಿದ್ದು ನೀನೇನಾ? ಬೇರೆಯವರಾದರೆ ಅವರ ಹೆಸರು ಬೇಡ. ನೀನೇ ಆಗಿದ್ದರೆ ನನಗೆ ಕಾಗದ ಬರೆಯಬೇಡ, ಫೋನೂ ಮಾಡಬೇಡ. ಶನಿವಾರ ಮೊದಲ ಬಸ್ಸಿಗೆ ಬಾ. ನಾನು ಹೊಲದಲ್ಲಿರುತ್ತೇನೆ.