ನೀರು ಸೋಸಿದ ಅರಿವೆ

॥ ಶ್ರೀ ವೀತರಾಗಾಯ ನಮಃ ॥

ಕಾಗವಾಡ
೧೮-೨-೨೦೨೫, ಮಂಗಳವಾರ

ಚಿ. ಕಾಜಲ,

ನಿನ್ನ ಅವ್ವನ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಆರಾಮ ಇದ್ದೇವೆ. ನೀನು ಕುಮಟೆಗೆ ಮರಳಿ ಹನ್ನೆರಡು ದಿನವಾಯಿತು. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಸಿಟ್ಟಾಗಬೇಡ. ದಿನಾ ಫೋನು ಮಾಡುವಾಗ ಕಾಗದ ಯಾಕೆ ಎನ್ನುತ್ತೀ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ಊಟ ಆಯಿತೇ ಎಂದು ಕೇಳಿ ಇಟ್ಟುಬಿಡುತ್ತೇನೆ. ಅದಕ್ಕೇ ನಿನ್ನ ಚಿಕ್ಕಪ್ಪನ ಮಗ ಸುಮೇಧನ ಕೈಯಲ್ಲಿ ಇದನ್ನು ಕಳಿಸಿದ್ದೇನೆ. ಜೊತೆಗೆ ಎರಡು ಕಿಲೋ ಒಣದ್ರಾಕ್ಷಿ ಇದೆ. ಅದು ಆಮೇಲೆ, ಮೊದಲು ಕಾಗದ ಓದು.

ನೀನೂ ನಿನ್ನ ಕೈಕೆಳಗೆ ಕೆಲಸ ಮಾಡುವ ಸೀಮಾಳೂ ಗಾಜಿನ ತೊಟ್ಟಿಯಲ್ಲಿ ಅಳಿವೆಯ ಜೀವಗಳನ್ನು ತಂದು ನಮ್ಮ ಶಾಲೆಯಲ್ಲಿ ಪಾಠ ಮಾಡಿದ್ದನ್ನು ಊರು ಇನ್ನೂ ಮರೆತಿಲ್ಲ. ಹೊಳೆ ಹೋಗಿ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಎನ್ನುತ್ತಾರೆಂದು ಈಗ ಕಟ್ಟೆಯ ಮೇಲೆ ಕೂತ ಮುದುಕರೂ ಹೇಳುತ್ತಾರೆ. ಬಿಸಿಯೂಟ ಮಾಡುವ ಲಗಮವ್ವ ನೀರಿಗೆ ಕೈ ಇಳಿಸಿದಾಗ ಶಂಖ ಹೊತ್ತ ಏಡಿ ಅವಳ ಬೆರಳು ಹತ್ತಿತ್ತಲ್ಲ, "ಏ ಕಾಜಲಾ, ಇದು ನನ್ನ ಗುರುತ ಹಿಡದೈತಿ ನೋಡಬೇ!" ಎಂದು ಕೂಗಿದ್ದಳು. ಎಪ್ಪತ್ತರ ಹೆಂಗಸು ಎರಡನೇ ಇಯತ್ತೆಯ ಮಕ್ಕಳ ಜೊತೆ ಸಾಲಿನಲ್ಲಿ ನಿಂತಿದ್ದಳು. ನನಗೆ ಆಗ ನಿನ್ನ ಬಗ್ಗೆ ಬಹಳ ಹೆಮ್ಮೆಯಾಯಿತು.

ನೀನು ಮೂರು ಬಾಟಲಿ ನೀರು ಇಟ್ಟು, ಹೊಳೆಯದು, ಅಳಿವೆಯದು, ಸಮುದ್ರದ್ದು ಎಂದು ಎಲ್ಲರ ನಾಲಗೆಗೂ ಒಂದೊಂದು ಹನಿ ಹಚ್ಚಿದೆ. ಅವತ್ತು ಅಷ್ಟಮಿ, ನನಗೆ ಉಪವಾಸ. ನಾನೊಬ್ಬಳೇ ಬೇಡವೆಂದೆ. ಉಪ್ಪು ಎಂದು ಕಿವಿಯಿಂದ ಕೇಳಿದೆ, ನಾಲಗೆಗೆ ತಿಳಿಯಲಿಲ್ಲ.

ಸಂಜೆ ನಾಲ್ಕಕ್ಕೆ ತೊಟ್ಟಿಯನ್ನು ನಮ್ಮ ಪಡಸಾಲೆಗೆ ತಂದಿಟ್ಟಿರಿ. ನೀನು ಹೆಡ್‌ಮಾಸ್ತರರ ಹತ್ತಿರ ಹೋದೆ. ಸೀಮಾ ನಿಪ್ಪಾಣಿಗೆ ತಾಯಿಯನ್ನು ನೋಡಲು ಹೊರಟಳು. ನಾನು ತೊಟ್ಟಿಯ ಮುಂದೆ ಕೂತೆ. ಇನ್ನೂರು ಕೈ ಆಡಿದ ನೀರು, ರಾಡಿಯಾಗಿತ್ತು. ಜೀವಗಳು ಉಸಿರು ಕಟ್ಟಿ ಒದ್ದಾಡುತ್ತಿವೆ ಅನ್ನಿಸಿತು. ನೀರು ಸೋಸುವ ಅರಿವೆಯನ್ನು ಎರಡು ಪದರು ಮಾಡಿ ನಮ್ಮ ಬಾವಿಯ ನೀರು ಸೋಸಿದೆ. ಆಮೇಲೆ ತೊಟ್ಟಿಯ ರಾಡಿ ನೀರನ್ನೂ ಅದೇ ಅರಿವೆಯಲ್ಲಿ ಸೋಸಿ ಹಿತ್ತಲಿಗೆ ಚೆಲ್ಲಿದೆ. ಅರಿವೆಯ ಮೇಲೆ ಉಳಿದ ಒಂದೊಂದು ಜೀವವನ್ನೂ ಮೆಲ್ಲಗೆ ಎತ್ತಿ ಹೊಸ ನೀರಿಗೆ ಬಿಟ್ಟೆ. ಒಂದಕ್ಕೂ ನೋವಾಗಬಾರದೆಂದು ಉಗುರು ತಾಗಿಸಲಿಲ್ಲ.

ಬೆಳಿಗ್ಗೆ ಎಲ್ಲವೂ ಸತ್ತಿದ್ದವು. ತತ್ತಿ ಹೊತ್ತಿದ್ದ ಏಡಿಯೂ.

ಕಾಜಲ, ನಾನೇ ಕೊಂದೆ. ಅರಿವೆಯ ಮೇಲೆ ಉಳಿದ ಜೀವಗಳನ್ನು ಅವು ಬಂದ ನೀರಿಗೇ ತಿರುಗಿ ಬಿಡಬೇಕೆಂದು ನಿನಗೆ ಐದು ವರ್ಷ ಇದ್ದಾಗಲೇ ಕಲಿಸಿದವಳು ನಾನು. ನಲವತ್ತು ವರ್ಷ ಬಾವಿಯದನ್ನು ಬಾವಿಗೇ ಇಳಿಸಿದ ಕೈ ಇದು. ಸಮುದ್ರದ್ದನ್ನು ಉಪ್ಪಿಲ್ಲದ ಬಾವಿಯ ನೀರಿಗೆ ಹಾಕಿತು.

ನಿನ್ನ ಅಪ್ಪನಿಗೆ ಮರುದಿನವೇ ಹೇಳಿದೆ. "ಸುಮ್ನ ಕುಂದ್ರ. ಮಗಳ ಮುಖಕ್ಕ ಮಸಿ ಬಳೀಬ್ಯಾಡ. ಏಡಿ ಸತ್ರ ಲೋಕ ಮುಳಗತೈತೇನ?" ಎಂದರು. ನಾನೂ ಸುಮ್ಮನಾದೆ. ಹೆದರಿ ಸುಮ್ಮನಾದೆ, ಬೇರೆ ಕಾರಣವಿಲ್ಲ.

ಮೊನ್ನೆ ರವಿವಾರ ಸೀಮಾ ಬಂದಿದ್ದಳು. ನಿಂತೇ ಮಾತಾಡಿದಳು. "ಅವ್ವಾರ, ನಾ ನೀರ ನೋಡೇ ಹೋಗಿದ್ದೆರಿ. ಕಾಜಲ ಅಕ್ಕಾರನ ಹೋಗಿ ಬಾ ಅಂದಿದ್ರು. ಈಗ ಅವ್ರ ನನ್ನ ಕೈತಪ್ಪು ಅಂತ ಬರದ ಕೊಟ್ಟಾರ. ಶುಕ್ರವಾರ ಮೀಟಿಂಗ್ ಐತ್ರಿ, ಕೆಲಸದಿಂದ ತೆಗೀತಾರ." ಅವಳ ತಾಯಿ ಬೀಡಿ ಕಟ್ಟಿ ಓದಿಸಿದ ಹುಡುಗಿ. ತೊಟ್ಟಿಯ ಒಂದೊಂದು ಏಡಿಗೂ ಹೆಸರಿಟ್ಟಿದ್ದಳು. ಕೊನೆಗೆ ಕೇಳಿದಳು, "ನೀವೇನರ ನೋಡಿದ್ರೇನ್ರಿ?" ನಾನು ಚಹಾ ಕುಡಿ ಎಂದೆ. ಅಷ್ಟೇ ಅಂದೆ. ಅವಳು ಕುಡಿದು ಲೋಟ ತೊಳೆದಿಟ್ಟು ಹೋದಳು.

ನಿಮ್ಮ ಆಫೀಸಿನ ಮೇಡಮ್ಮರಿಗೆ ಇನ್ನೊಂದು ಕಾಗದ ಬರೆದು ಅದರಲ್ಲಿ ಇದೆಲ್ಲ ಒಪ್ಪಿಕೊಂಡಿದ್ದೇನೆ. ಅದನ್ನೂ ನಿನ್ನ ಕೈಗೇ ಕೊಡು ಎಂದು ಸುಮೇಧನಿಗೆ ಹೇಳಿದ್ದೇನೆ. ನೀನೇ ಒಯ್ದು ಕೊಡಬೇಕು. ಗುರುವಾರ ಮಧ್ಯಾಹ್ನದೊಳಗೆ ಸೀಮಾಳ ಫೋನು ಬರದಿದ್ದರೆ ನಾನೇ ಬಸ್ಸು ಹತ್ತುತ್ತೇನೆ. ಅಪ್ಪ ಬೇಡವೆಂದರೂ ಹತ್ತುತ್ತೇನೆ.

ಹೊತ್ತು ಮುಳುಗುವ ಮೊದಲು ಊಟ ಮಾಡು, ಕೆಲಸದ ನೆಪ ಹೇಳಬೇಡ. ನಿನಗೆ ಒಳ್ಳೆಯದಾಗಲಿ, ನಿನ್ನಿಂದಲೂ ಒಳ್ಳೆಯದಾಗಲಿ.

ನಿನ್ನ ಅವ್ವ,
ಕಮಲಾಬಾಯಿ

ತಾ.ಕ.: ಆವತ್ತು ಬೆಳಿಗ್ಗೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನೀನು ತೊಟ್ಟಿಗೆ ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡದ್ದು ನನಗೆ ಕಂಡಿತು. ಆಮೇಲೆ ನೀನು ತಂತಿಯ ಮೇಲಿದ್ದ ನನ್ನ ಅರಿವೆಯನ್ನು ತೆಗೆದೆ. ಅದರಲ್ಲಿ ಇನ್ನೂ ಸಮುದ್ರದ ಮರಳಿತ್ತು. ಅದನ್ನು ಕೊಡವಿ, ಮಡಿಚಿ, ನನ್ನ ಸೀರೆಗಳ ಕೆಳಗೆ ಇಟ್ಟೆ. ಅದಾದ ಮೇಲೆ ನಿಪ್ಪಾಣಿಯಿಂದ ಆಗಷ್ಟೇ ಬಂದ ಸೀಮಾಳನ್ನು ಕರೆದು, ಏನು ಮಾಡಿದಿ ಎಂದು ಕೇಳಿದೆ. ಅರಿವೆ ಈ ಲಕೋಟೆಯಲ್ಲಿದೆ. ನೀನು ಮಡಿಚಿಟ್ಟ ಹಾಗೆಯೇ ಇದೆ, ನಾನು ಬಿಚ್ಚಿಲ್ಲ.