ಕಾಕಾ, ನಿನ್ನ ಕಂಬಳಿಯ ಅಳತೆ

ನನ್ನ ಅಂಬಣ್ಣ ಕಾಕಾನಿಗೆ,

ಉದಗೀರದಿಂದ ನಿನ್ನ ಸುವರ್ಣಾ ಕೈಮುಗಿದು ಬರೆಯುತ್ತಿದ್ದೇನೆ. ಈ ಪತ್ರವನ್ನು ನಿನ್ನ ಮನೆಯಾಕೆ, ನನ್ನ ಕಾಕು, ನಿನಗೆ ಓದಿ ಹೇಳುತ್ತಾಳೆ. ಆಕೆಯ ತವರು ಗಡಿಯಾಚೆ, ಕನ್ನಡ ನಾಡಿನ ಆಳಂದ ಕಡೆಯದು. ಮರಾಠಿ ಶಾಲೆಯಷ್ಟೇ ಇರುವ ನಮ್ಮೂರಲ್ಲಿ, ನಮ್ಮ ಮನೆಗೆ ಕನ್ನಡ ಅಕ್ಷರ ಬಂದದ್ದೇ ಆಕೆಯ ಜೊತೆಗೆ, ನನಗೆ ಕಲಿಸಿದವಳೂ ಆಕೆಯೇ. ಕಾಕು, ನಡುವೆ ನಗಬೇಡ, ಪೂರ್ತಿ ಓದು.

ಹೋದ ವಾರ ಉಮರ್ಗಾ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ನಿನ್ನನ್ನು ನಿಲ್ಲಿಸಿ, ಅಣ್ಣನ ಮಗಳು ಏನು ಮಾಡುತ್ತಾಳೆ ಅಂತ ಕೇಳಿದರಂತೆ. "ಮ್ಯಾನೇಜರ್ ಆಗ್ಯಾಳ್ರೀ" ಅಂದೆಯಂತೆ. ಯಾವ ಬ್ಯಾಂಕು ಅಂದಾಗ ಗಪ್ಪಾಗಿ ಮನೆಗೆ ಬಂದು ನನಗೆ ಫೋನ್ ಹಚ್ಚಿದೆ. "ಯಾವ ಬ್ಯಾಂಕ್ ಅಂತ ಹೇಳ್ಲಿ ಮಗಳ?" ಅಂದೆ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಫೋನ್ ಇಟ್ಟ ಮೇಲೆ ನಾಚಿಕೆಯಾಯಿತು. ಈ ಕೆಲಸವನ್ನು ನಿನ್ನಿಂದಲೇ ಕಲಿತು, ಅದೇನೆಂದು ನಿನಗೇ ಹೇಳದೆ ವರ್ಷ ಕಳೆದಿದ್ದೇನಲ್ಲ!

ಬ್ಯಾಂಕ್ ಅಲ್ಲ ಕಾಕಾ. ನಮ್ಮದು ಎರಡು ಕೋಣೆಯ ಕಂಪನಿ. ಕುರಿ, ದನ ಸಾಕುವವರಿಗೆ ಮೊಬೈಲ್ ಆ್ಯಪ್ ಮಾಡುತ್ತೇವೆ. ಕಂಪ್ಯೂಟರ್ ಮುಂದೆ ಕೂತು ಅದನ್ನು ಕಟ್ಟುವವರು ಬೇರೆ. ಯಾರಿಗಾಗಿ ಕಟ್ಟಬೇಕು, ಏನು ಇರಬೇಕು, ಏನು ಬೇಡವೇ ಬೇಡ ಅಂತ ಗೊತ್ತುಮಾಡುವವಳು ನಾನು. ಇದಕ್ಕೆ ಪ್ರಾಡಕ್ಟ್ ಮ್ಯಾನೇಜರ್ ಅನ್ನುತ್ತಾರೆ. ಇದು ಎಲ್ಲಿ ಶುರುವಾಯಿತು ಗೊತ್ತೇನು? ನಿನ್ನ ಕಂಬಳಿಯಲ್ಲಿ.

ನನಗಾಗ ಹತ್ತು ವರ್ಷ. ನಿನ್ನ ಅವ್ವ, ನಮ್ಮ ಬಂಡಮ್ಮ ಆಯಿ, ನಿನಗೆ ಹೊಸ ಕಂಬಳಿಗೆಂದು ಉಣ್ಣೆ ನೂತಿಟ್ಟಿದ್ದಳು. ಆಕೆಯ ಪದ್ಧತಿ ನಿನಗೆ ಗೊತ್ತೇ ಇದೆ. ಹೊದೆಯುವವನನ್ನು ನಿಲ್ಲಿಸಿ, ಕೂರಿಸಿ, ಮಲಗಿಸಿ ಅಳತೆ ನೋಡದೆ ನೇಯುವವನ ಕೈಗೆ ನೂಲು ಕೊಡುತ್ತಿರಲಿಲ್ಲ. ನೀನು ಹಿಂಡು ಹೊಡೆದುಕೊಂಡು ದೇವಣಿ ಕಡೆ ಹೋಗಿದ್ದೆ. ನೀನು ಬಂದ ಮೇಲೆ ಅಳತೆ ತೆಗೆದು, ನೂಲಿನ ಜೊತೆ ನೇಯುವವನಿಗೆ ಮುಟ್ಟಿಸು ಅಂತ ನನಗೆ ಹೇಳಿದ್ದಳು. ನೀನು ಬರುವವರೆಗೆ ಕಾಯಲು ನನಗೆಲ್ಲಿಯ ಪುರಸೊತ್ತು! ನಮ್ಮ ಕಾಕಾ ಎಲ್ಲರಿಗಿಂತ ದೊಡ್ಡವನು, ಅವನ ಕಂಬಳಿಯೂ ದೊಡ್ಡದಿರಲಿ ಅಂತ ನೇಯುವವನಿಗೆ ಒಂದೂವರೆ ಮೊಳ ಹೆಚ್ಚಿಗೆ ಹೇಳಿದೆ. ಮೇಲೆ ದಪ್ಪ ಬಿಳಿ ಅಂಚು ಬೇರೆ.

ಅದನ್ನು ಹೊದ್ದು ನೀನು ಅಂಗಳದಲ್ಲಿ ಒಂದು ಸುತ್ತು ಹಾಕಿದೆ. "ಭಾರಿ ಆಗ್ಯಾದ ಮಗಳ! ರಾಜಾನಂಗ ಕಾಣ್ತೀನಿ" ಅಂದೆ. ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ಆ ಮಳೆಗಾಲದಲ್ಲಿ ಒಂದು ದಿನ ಶಾಲೆಯಿಂದ ಬರುವಾಗ ನಮ್ಮೂರು ತುರೋರಿಯ ಹೈವೇ ಪಕ್ಕದ ಹೊಲದಲ್ಲಿ ನಿನ್ನನ್ನು ನೋಡಿದೆ. ಮಳೆ ಧೋ ಅಂತ ಸುರಿಯುತ್ತಿತ್ತು. ನೀನು ತಲೆಯ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ನಿಂತಿದ್ದೆ. ನನ್ನ ಕಂಬಳಿಯನ್ನು ಮಡಚಿ, ನೆನೆಯದ ಹಾಗೆ ಕಂಕುಳಲ್ಲಿ ಅವಚಿಕೊಂಡಿದ್ದೆ. ತಲೆಗೆ ಕೊಪ್ಪೆ ಮಾಡಿ ಹಾಕಿಕೊಂಡರೆ ಅದು ಕೆಸರಿನಲ್ಲಿ ಎಳೆದಾಡುತ್ತಿತ್ತು, ನೆನೆದರೆ ಹೊರಲಾರದಷ್ಟು ಭಾರವಾಗುತ್ತಿತ್ತು. ಇದನ್ನು ನೀನು ಯಾರಿಗೂ ಹೇಳಿರಲಿಲ್ಲ. ಮನೆಗೆ ಬಂದು ನಾನು ಅತ್ತೆ. ಆಯಿ ಸಮಾಧಾನ ಮಾಡಲಿಲ್ಲ. "ಕೇಳಲಾರದೆ ನೇಯ್ಸಿದಿ. ಈಗ ಕೇಳಿದ್ರ ಅಂವಾ ಖರೇ ಹೇಳಂಗಿಲ್ಲ, ನಿನ್ ಮ್ಯಾಲ ಜೀವ ಅಂವಂದು. ಅಂವಾ ಏನ್ ಮಾಡ್ತಾನ ಅದನ್ನ ನೋಡು" ಅಂದಳು. ಕಾಲೇಜಿನಲ್ಲಿ ಕಂಪ್ಯೂಟರ್ ಓದುವಾಗ ಇಷ್ಟು ಉಪಯೋಗದ ಪಾಠ ನನಗೆ ಯಾರೂ ಹೇಳಲಿಲ್ಲ.

ಈಗ ಹೋದ ವರ್ಷದ ಮಾತು. ಕುರಿಗೆ ಲಸಿಕೆಯ ಸೂಜಿ ಹಾಕಿಸುವ ದಿನ ನೆನಪಿಸುವ ಆ್ಯಪ್ ಮಾಡಿದ್ದೆವು, ಪರೀಕ್ಷೆಗೆಂದು ನಿನ್ನನ್ನೂ ಸೇರಿಸಿ ಹನ್ನೆರಡು ಕುರಿಗಾರರಿಗೆ ಕೊಟ್ಟಿದ್ದೆವು. ಆಗ ನಾನು ಆರು ತಿಂಗಳ ಕರಾರಿನ ಮೇಲಿದ್ದೆ; ಫೋನ್ ಹೇಗೆ ಬಳಸಬೇಕೆಂದು ಹಳ್ಳಿಗೆ ಹೋಗಿ ಕಲಿಸುವುದಷ್ಟೇ ನನ್ನ ಕೆಲಸ. ನೀನು "ಭಾರಿ ಆಗ್ಯಾದ ಮಗಳ!" ಅಂದೆ. ಅವತ್ತು ಕಂಬಳಿಗೆ ಅಂದದ್ದೂ ಇದೇ ಮಾತು. ನಿನ್ನ ಕೋಲಿನ ಕಡೆ ನೋಡಿದೆ. ಅದರ ತುದಿಗೆ ಕರಿ ಉಣ್ಣೆಯ ದಾರ, ದಾರಕ್ಕೆ ಗಂಟು. ಐತವಾರಕ್ಕೊಂದು ಗಂಟು ಬಿಚ್ಚುತ್ತ, ಮೊದಲಿನಂತೆಯೇ ಸೂಜಿಯ ದಿನ ಎಣಿಸುತ್ತಿದ್ದೆ ನೀನು. ಆ್ಯಪಿನಲ್ಲಿದ್ದದ್ದೆಲ್ಲ ಮರಾಠಿ ಅಕ್ಷರ. ನಿನಗೆ ಓದಲು ಬಾರದು. ಉಳಿದ ಹನ್ನೊಂದು ಮಂದಿಯ ಬಳಿಗೂ ಹೋಗಿ ನೋಡಿದೆ. ಹೊಗಳದವರು ಒಬ್ಬರಿಲ್ಲ, ತೆರೆದು ನೋಡಿದವರೂ ಒಬ್ಬರಿಲ್ಲ.

ಸೋಮವಾರ ಅದನ್ನು ಎಲ್ಲರಿಗೂ ಬಿಡುವುದೆಂದು ಗೊತ್ತಾಗಿತ್ತು. ಬೇಡ ಅಂದರೆ ನನ್ನ ಕೆಲಸ ಹೋಗುವ ಹಾಗಿತ್ತು. ಸುಮ್ಮನಿದ್ದರೆ, ದಾರ ಬಿಟ್ಟು ಫೋನ್ ನಂಬುವ ಯಾರದೋ ಹಿಂಡಿನ ಮರಿಗಳು ಸೂಜಿ ತಪ್ಪಿ ಸಾಯುತ್ತಿದ್ದವು. ಎಲ್ಲರ ಮುಂದೆ ಎದ್ದು ನಿಂತೆ. ಸೋಮವಾರ ಬಿಡಬೇಡಿ ಅಂದೆ. ಕಂಪನಿಯ ಒಡತಿ ಮೀನಲತಾಯಿ, "ಹನ್ನೆರಡೂ ಮಂದಿ ಚೊಲೋ ಅಂದಾರ, ನಿಂದೇನ್ ತ್ರಾಸು?" ಅಂದರು. ನಾನು ಕಂಬಳಿಯ ಕಥೆ ಹೇಳಿದೆ. ಗೊಬ್ಬರದ ಚೀಲವನ್ನೂ ಬಿಡದೆ ಹೇಳಿದೆ. ಆಮೇಲೆ ಮೀನಲತಾಯಿ, "ಮೂರು ತಿಂಗಳ ಕೊಡ್ತೀನಿ, ನೀನೇ ಮಾಡಿಸು" ಅಂದರು. ಅವತ್ತೇ ನಾನು ಮ್ಯಾನೇಜರ್ ಆದದ್ದು ಕಾಕಾ.

ಅದರಲ್ಲಿದ್ದ ಹದಿನಾಲ್ಕು ಸವಲತ್ತುಗಳಲ್ಲಿ ಹದಿಮೂರನ್ನು ತೆಗೆಸಿದೆ. ಕಟ್ಟುವವರು ಸಿಟ್ಟಾದರು, ಕೈಹಿಡಿದು ಕರೆದೊಯ್ದು ಎರಡು ದಿನ ಹಿಂಡಿನ ಹಿಂದೆ ನಡೆಸಿದೆ, ಸಿಟ್ಟು ಇಳಿಯಿತು. ಈಗ ಸೂಜಿಯ ವಾರ ಬಂತೆಂದರೆ ಐತವಾರದಿಂದಲೇ ಫೋನ್ ತಾನೇ ಕೂಗುತ್ತದೆ, ನಮ್ಮ ಮಾತಿನಲ್ಲಿ, ಆಯಿಯ ದನಿಯಲ್ಲಿ: "ಏಳ್ರಪ್ಪೋ, ಕುರಿಗಿ ಸೂಜಿ ಮಾಡ್ಸೂ ವಾರ ಬಂದದ!" ಇನ್ನೊಮ್ಮೆ ಹೇಳು ಆಯಿ, ರೆಕಾರ್ಡ್ ಸರಿಯಾಗಿಲ್ಲ ಅಂದರೆ, "ಒಮ್ಮಿ ಹೇಳಿದ್ದು ತಿಳಿಲಾರದವರಿಗಿ ಕುರಿ ಯಾಕ ಬೇಕು?" ಅಂತ ಎದ್ದು ಹೋದಳು.

ಈ ಮುಂಗಾರಿಗೆ ಮೊದಲು ಹನ್ನೆರಡು ಹಿಂಡಿಗೂ ಹೊತ್ತಿಗೆ ಸರಿಯಾಗಿ ಸೂಜಿಯಾಯಿತು. ಆದರೆ ನನ್ನ ಹೆಮ್ಮೆಯ ದಿನ ಅದಲ್ಲ. ಅದರ ಮರುವಾರ ನೀನು ಫೋನ್ ಮಾಡಿ ಬೈದೆಯಲ್ಲ, ಆ ದಿನ. "ಏನ್ ಹಚ್ಚೀಯವ್ವ ಇದು! ಅವ್ವನ ದನಿ ಬಂದಕೂಡ್ಲೆ ನಾಯಿ ಓಡಿಹೋಗ್ತದ, ಕುರಿ ಚೆಲ್ಲಾಪಿಲ್ಲಿ ಆಗ್ತಾವ. ದನಿ ಸಣ್ಣ ಮಾಡು!" ಕಾಕಾ, ನಾನು ಹುಟ್ಟಿದಾಗಿನಿಂದ ನೀನು ನನ್ನ ಯಾವ ಕೆಲಸದಲ್ಲೂ ತಪ್ಪು ತೆಗೆದವನಲ್ಲ. ಅವತ್ತು ಆಫೀಸಿನಲ್ಲಿ ಪೇಢೆ ಹಂಚಿದೆ. ನಮ್ಮ ಕಾಕಾ ಬೈದ, ಅಂದರೆ ಬಳಸುತ್ತಿದ್ದಾನೆ ಅಂತ ಎಲ್ಲರಿಗೂ ಹೇಳಿದೆ.

ಆಯಿ ಮತ್ತೆ ನೂಲಲು ಕೂತಿದ್ದಾಳೆ, ನಾನೇ ಹಟ ಮಾಡಿ ಕೂರಿಸಿದ್ದೇನೆ. ಬರುವ ಐತವಾರ ತುರೋರಿಗೆ ಬರುತ್ತೇನೆ. ನಿಂತು ತೋರಿಸು, ಕೂತು ತೋರಿಸು, ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಹೇಗೆ ನಡೆಯುತ್ತೀಯೋ ಹಾಗೆ ನಡೆದು ತೋರಿಸು. ಅಳತೆ ನಾನೇ ತೆಗೆಯುತ್ತೇನೆ. ಹದಿನೆಂಟು ವರ್ಷ ತಡಮಾಡಿ ಕೇಳುತ್ತಿದ್ದೇನೆ, ಖರೇ ಹೇಳು: ಕಾಕಾ, ನಿನಗ ಎಂಥಾ ಕಂಬಳಿ ಬೇಕು?

ಬೀರಪ್ಪ ನಿನ್ನ ಹಿಂಡು ಕಾಯಲಿ, ನಿನ್ನ ಬೈಗುಳ ನನಗೆ ಸದಾ ಸಿಗಲಿ.

ಯಾವ ಬ್ಯಾಂಕಿನವಳೂ ಅಲ್ಲದ ನಿನ್ನ ಮ್ಯಾನೇಜರ್,
ಸುವರ್ಣಾ